ಪೆಡ್ಲು ಎಂಬ ಹೆಸರಿನ ಪಾಡು

ನಾನು ಒಂದು ಅಡ್ಡಹೆಸರು. ಪೆಡ್ಲು ಅಂತ ಕರೆಯುತ್ತಾರೆ. ಕುರ್ಚಿಗೆ ಬಡಗಿ ಇದ್ದಾನೆ, ಮಡಕೆಗೆ ಕುಂಬಾರ ಇದ್ದಾನೆ, ಅವರು ಬೆವರು ಸುರಿಸಿ ಮನಸ್ಸಿಟ್ಟು ಮಾಡುತ್ತಾರೆ. ನನ್ನನ್ನು ಮಾಡಿದವರು ಒಂದು ಹನಿ ಬೆವರೂ ಸುರಿಸಲಿಲ್ಲ. ಬಾಯಿಗೆ ಬಂತು, ಅಂದರು, ನಕ್ಕರು. ಅಷ್ಟೇ ನನ್ನ ಹುಟ್ಟು. ಆವತ್ತು ಹತ್ತಿದ ಸಿಟ್ಟು ಇವತ್ತಿಗೂ ಇಳಿದಿಲ್ಲ.

ದಾವಣಗೆರೆಯ ಹಳೇ ಊರಿನ ಒಂದು ಹೈಸ್ಕೂಲು. ಎಂಟನೇ ಕ್ಲಾಸು ಆಗಷ್ಟೇ ಶುರುವಾಗಿತ್ತು. ಗಣಿತಕ್ಕೆ ಬಂದ ಗುರುಸಿದ್ದಪ್ಪ ಮೇಷ್ಟ್ರು ಒಬ್ಬೊಬ್ಬರನ್ನೇ ಎಬ್ಬಿಸಿ ಹೆಸರು ಕೇಳುತ್ತಿದ್ದರು. ಹುಡುಗಿಯರ ಸಾಲಿನ ತುದಿಯಲ್ಲಿ ದಾಕ್ಷಾಯಣಿ ಎದ್ದು ನಿಂತಳು. ಅವಳಿಗೆ ಉಗ್ಗು ಇತ್ತು. ಬೇರೆ ಮಾತುಗಳಾದರೂ ಹೇಗೋ ಬಾಯಿ ದಾಟಿ ಬರುತ್ತಿದ್ದವು. ತನ್ನ ಹೆಸರು ಮಾತ್ರ ಬರುತ್ತಿರಲಿಲ್ಲ. ಅಪ್ಪ ಅಮ್ಮ ಹುಡುಕಿ ಹುಡುಕಿ ‘ದ’ದಿಂದ ಶುರುವಾಗುವ ಹೆಸರನ್ನೇ ಇಟ್ಟಿದ್ದರು, ಪಾಪ, ಅವರಿಗೇನು ಗೊತ್ತು.

“ದ... ದ... ದ...” ಅಂದಳು ಹುಡುಗಿ.

ಮೇಷ್ಟ್ರ ಹತ್ತಿರ ಒಂದು ಮೊಪೆಡ್ ಇತ್ತು. ಪೆಡಲ್ ತುಳಿದು ತುಳಿದು ಬೆವತ ಮೇಲೇ ಅದು ಸ್ಟಾರ್ಟ್ ಆಗುತ್ತಿದ್ದದ್ದು. ಇಡೀ ಶಾಲೆಗೆ ಅದು ಗೊತ್ತಿತ್ತು. ಮೇಷ್ಟ್ರಿಗೆ ಆ ಹೊತ್ತಿಗೆ ಅದೇ ನೆನಪಾಗಬೇಕೆ?

“ಇದೇನಮ್ಮಾ, ಥೇಟ್ ನಮ್ ಗಾಡಿ ಇದ್ದಂಗೈತಲ್ಲ! ಪೆಡ್ಲು ಹೊಡಿ, ಪೆಡ್ಲು ಹೊಡಿ, ಸ್ಟಾರ್ಟ್ ಆಗ್ತೈತೆ!” ಅಂದರು. ಅಂದು ಸುಮ್ಮನಾಗಲಿಲ್ಲ, ಒಂದು ಕಾಲೆತ್ತಿ ಗಾಳಿಯಲ್ಲಿ ತುಳಿದೂ ತೋರಿಸಿದರು.

ಕ್ಲಾಸು ಬಿದ್ದು ಬಿದ್ದು ನಕ್ಕಿತು. ಯಾರೋ ಒಬ್ಬ ಬೆಂಚಿನ ಕೆಳಗೆ ಕಾಲಾಡಿಸಿ ನೆಲಕ್ಕೆ ದಡದಡ ಬಡಿದ. ಪಕ್ಕದವನೂ ಬಡಿದ. ನೋಡನೋಡುತ್ತ ಇಡೀ ಕ್ಲಾಸಿನ ಕಾಲುಗಳು ಪೆಡಲ್ ತುಳಿಯತೊಡಗಿದವು. ಆ ಗದ್ದಲದಲ್ಲಿ ನಾನು ಹುಟ್ಟಿದೆ. ಬೇರೆ ಕೂಸುಗಳು ಹುಟ್ಟಿದಾಗ ತಾವು ಅಳುತ್ತವೆ. ನಾನು ಹುಟ್ಟಿದಾಗ ಅತ್ತದ್ದು ನನ್ನನ್ನು ಹೊರಬೇಕಾದವಳು.

ಅಲ್ಲಿಂದ ಮೂರು ವರ್ಷ ಅವಳು ಬಾಯಿ ತೆರೆದಾಗಲೆಲ್ಲ ಕಾಲುಗಳು ಶುರುವಾಗುತ್ತಿದ್ದವು. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ಅವಳು ಕೈಯೆತ್ತುವುದನ್ನು ಬಿಟ್ಟಳು. ಉತ್ತರ ಗೊತ್ತಿದ್ದರೂ ಗೊತ್ತಿಲ್ಲ ಅಂತ ತಲೆಯಾಡಿಸಿ ಕೂತುಕೊಳ್ಳುತ್ತಿದ್ದಳು. ನನ್ನನ್ನು ಅತಿ ಹೆಚ್ಚು ಕೂಗುತ್ತಿದ್ದವನು ಹಾಲೇಶ. ಅವನು ಕೆಟ್ಟ ಹುಡುಗನಲ್ಲ. ಹಾಗಂತ ಎಲ್ಲರೂ ಹೇಳುತ್ತಾರೆ. ನನಗೆ ಈ ‘ಕೆಟ್ಟವನಲ್ಲ’ ಅನ್ನುವವರನ್ನು ಕಂಡರೇ ಮೈ ಉರಿಯುತ್ತದೆ. ಕೆಟ್ಟವನಾದರೆ ಒಂದು ದಿನ ಬೈದು ಸುಮ್ಮನಾಗುತ್ತಾನೆ, ಇವನು ದಿನಾ ಪ್ರೀತಿಯಿಂದ ಚುಚ್ಚುತ್ತಿದ್ದ.

ಒಂದು ವಿಚಿತ್ರ ಕೇಳಿ. ತನ್ನ ಹೆಸರು ಹೇಳಲಾಗದ ಅವಳ ನಾಲಿಗೆಗೆ ನಾನು ಮಾತ್ರ ಸಲೀಸಾಗಿ ಬರುತ್ತಿದ್ದೆ. ಎಲ್ಲೂ ತಡೆಯುತ್ತಿರಲಿಲ್ಲ. ಯಾಕೆ ಅಂತ ದೇವರಿಗೇ ಗೊತ್ತು. ಪಿಯುಸಿ ಮುಗಿದು ಒಂದು ಅರ್ಜಿ ಹಾಕಲು ಇಮೇಲ್ ಬೇಕಾಯಿತು. ಆಗೆಲ್ಲ ಸೈಬರ್ ಕೆಫೆಯವರೇ ಐಡಿ ಮಾಡಿಕೊಡುತ್ತಿದ್ದರು. ಕೀಬೋರ್ಡಿನ ಮೇಲೆ ಬೆರಳಿಟ್ಟುಕೊಂಡು ಕೆಫೆಯವನು ಕೇಳಿದ, “ಹೆಸರು ಹೇಳಮ್ಮ ಬೇಗ. ಹಿಂದೆ ಜನ ನಿಂತಾರೆ.”

“ದ... ದ...”

ಹಿಂದೆ ನಿಂತವರಲ್ಲಿ ಯಾರೋ ಕಿಸಕ್ಕೆಂದರು. ಅವಳ ಕಿವಿ ಕೆಂಪಾಯಿತು. ಬಾಯಿಂದ ಪಟ್ಟನೆ ಬಂತು, “ಪೆಡ್ಲು.”

ಅವನು ಅದನ್ನೇ ಟೈಪ್ ಮಾಡಿ ಒತ್ತಿಬಿಟ್ಟ. ಸ್ಕೂಲಿನ ಗೋಡೆಯೊಳಗೆ ಸಾಯಬೇಕಾಗಿದ್ದ ನಾನು ಹೀಗೆ ಜಗತ್ತಿಗೆಲ್ಲ ಹರಡಿದೆ. ಒಂದು ಐಡಿ ಹಿಡಿದು ಇನ್ನೊಂದು, ಅದನ್ನು ಹಿಡಿದು ಮತ್ತೊಂದು. ಬಸ್ ಟಿಕೆಟಿಗೆ ನಾನು, ಸಾಮಾನು ತರಿಸಲು ನಾನು, ಹರಟೆ ಹೊಡೆಯಲು ನಾನು. ಸಹಿ ಮಾಡಬೇಕಾದ ಜಾಗದಲ್ಲೆಲ್ಲ ಅವಳು ಬೈಗುಳ ಬರೆಯಬೇಕಾಯಿತಲ್ಲ, ಇದನ್ನು ಯಾರಿಗೆ ಹೇಳಲಿ!

ಆದರೆ ಸುಳ್ಳಾಡಬಾರದು. ಆನ್‌ಲೈನಿನಲ್ಲಿ ನನಗೂ ನಾಲ್ಕು ದಿನ ಮಾನ ಬಂತು. ಊರಿನ ಸಮಾಚಾರದ ಒಂದು ಗುಂಪಿತ್ತು. ನಲ್ಲಿಗೆ ನೀರು ಬರದಿದ್ದರೆ, ಫುಟ್‌ಪಾತ್ ಅಗೆದು ಹಾಗೇ ಬಿಟ್ಟಿದ್ದರೆ, ಹುಡುಗಿಯರು ಕೈ ಅಡ್ಡ ಹಾಕಿದರೂ ಬಸ್ಸು ನಿಲ್ಲದಿದ್ದರೆ ದಾಕ್ಷಾಯಣಿ ಅಲ್ಲಿ ಬರೆಯುತ್ತಿದ್ದಳು. ಬೆರಳಿಗೆ ಉಗ್ಗಿಲ್ಲ ನೋಡಿ! ಇಷ್ಟು ವರ್ಷ ಗಂಟಲಲ್ಲಿ ನಿಂತದ್ದೆಲ್ಲ ಬೆರಳಿನಲ್ಲಿ ಧುಮ್ಮಿಕ್ಕುತ್ತಿತ್ತು. ಉಪ್ಪು ಖಾರ ಹಚ್ಚಿ ಬರೆದರೆ ಓದಿದವರು ನೀರು ಕುಡಿಯಬೇಕು. ‘ಪೆಡ್ಲು ಅಣ್ಣ ಬಂದ್ರು, ಇನ್ನೈತೆ ಮಾರಿಹಬ್ಬ’ ಅಂತ ಜನ ಕೆಳಗೆ ಬರೆಯುತ್ತಿದ್ದರು. ಇಷ್ಟು ಜೋರಾಗಿ ಮಾತಾಡುವವನು ಗಂಡಸೇ ಇರಬೇಕು ಅಂತ ಅವರ ಲೆಕ್ಕ. ಅದಕ್ಕೂ ನನಗೆ ಸಿಟ್ಟು ಬಂತು, ಆದರೆ ಅವಳು ನಕ್ಕಳು. ಅವಳು ನಕ್ಕದ್ದು ನೋಡಿ ನಾನೂ ಸುಮ್ಮನಾದೆ.

ಒಂದು ದಿನ ಆ ಗುಂಪಿನಲ್ಲಿ ಯಾರೋ ಕೇಳಿದರು, ‘ನಿಮ್ಮ ಯೂಸರ್‌ನೇಮ್ ಹಿಂದಿನ ಕಥೆ ಏನು?’ ಸಾಲುಗಟ್ಟಿ ಉತ್ತರ ಬಂತು. ‘ಕೊನೆಬೆಂಚು ಕೊಟ್ರ’ ಕೊನೆಯ ಬೆಂಚಿನಲ್ಲಿ ಕೂತು ಮೂರು ಸಲ ಫೇಲಾದವನಂತೆ. ‘ಅಜ್ಜಿಮುದ್ದು’ ಅನ್ನುವವಳನ್ನು ಅಜ್ಜಿ ಕೊನೆಯುಸಿರಿನವರೆಗೂ ಹಾಗೇ ಕರೆದಳಂತೆ. ಓದಿ ನನಗೂ ಒಳಗೊಳಗೇ ಹೊಟ್ಟೆಕಿಚ್ಚಾಯಿತು. ಹೆಸರುಗಳು ಮುದ್ದಿನಲ್ಲೂ ಹುಟ್ಟುತ್ತವಾ? ಕಡೆಗೆ ಯಾರೋ ಕೇಳಿಯೇಬಿಟ್ಟರು, ‘ಪೆಡ್ಲು ಅಣ್ಣ, ನಿಮ್ಮದು?’

ದಾಕ್ಷಾಯಣಿ ಬಹಳ ಹೊತ್ತು ಫೋನು ಹಿಡಿದು ಕೂತಳು. ಬರೆದಳು, ಅಳಿಸಿದಳು. ಕೊನೆಗೆ ಬರೆದದ್ದು, ‘ಚಿಕ್ಕಂದಿನಿಂದ ಸೈಕಲ್ ಹುಚ್ಚು, ಅದಕ್ಕೇ.’

ಸೈಕಲ್ ಹುಚ್ಚಂತೆ! ಅವಳಿಗೆ ಸೈಕಲ್ ಹೊಡೆಯಲು ಬರುವುದೇ ಇಲ್ಲ. ಆ ಸುಳ್ಳಿಗೆ ರಾಶಿ ರಾಶಿ ಹೃದಯದ ಚಿತ್ರಗಳು ಬಿದ್ದವು. ನಿಜವನ್ನು ಬೆರಳಿನಲ್ಲೂ ಹೇಳಲಾಗದ ಹಾಗೆ ಮಾಡಿದ್ದರಲ್ಲ ಆ ಮೇಷ್ಟ್ರು, ಆ ಹಾಲೇಶ, ಆ ನಲವತ್ತು ಜೊತೆ ಕಾಲುಗಳು! ಆವತ್ತು ನಾನು ಅವರೆಲ್ಲರನ್ನೂ ಮನಸಾರೆ ಶಪಿಸಿದೆ.

ಅವಳಿಗೆ ಮದುವೆಯಾಗಿ ಮಗಳು ಹುಟ್ಟಿದಳು. ಅತ್ತೆ ನಕ್ಷತ್ರ ನೋಡಿಸಿ ‘ದ’ದಲ್ಲಿ ಹೆಸರಿಡಬೇಕು ಅಂದರು. ದಾಕ್ಷಾಯಣಿ ಒಪ್ಪಲಿಲ್ಲ. ಬಾಣಂತಿ ಕೋಣೆಯ ಬಾಗಿಲು ಹಾಕಿಕೊಂಡು ಒಂದೊಂದೇ ಹೆಸರನ್ನು ನಾಲಿಗೆಯ ಮೇಲಿಟ್ಟು ನೋಡಿದಳು. ಯಾವುದು ಎಲ್ಲೂ ಸಿಕ್ಕಿಕೊಳ್ಳದೆ ಹೊರಗೆ ಬರುತ್ತದೋ ಅದನ್ನೇ ಇಟ್ಟಳು. ಇಂಚರ. ಮಗಳನ್ನು ಕೂಗುವಾಗಲಾದರೂ ಉಗ್ಗಬಾರದು ಅಂತ ಅವಳ ಆಸೆ. ಅದೊಂದು ಹೆಸರು ಪ್ರೀತಿಯಿಂದ ಹುಟ್ಟಿದ್ದನ್ನು ನಾನು ಕಣ್ಣಾರೆ ಕಂಡೆ.

ಇಂಚರಳಿಗೆ ನಾಲ್ಕು ತುಂಬಿದ ಮೇಲೆ ಒಂದು ದಿನ ಪಕ್ಕದ ಮನೆಗೆ ಹೊಸದಾಗಿ ಬಂದವರು ಹೆಸರು ಕೇಳಿದರು. ಮಗು ಹೇಳಿತು, “ಇ... ಇ... ಇಂಚರ.”

ಒಲೆಯ ಮುಂದಿದ್ದ ದಾಕ್ಷಾಯಣಿ ಸೌಟು ಹಿಡಿದು ಹಾಗೇ ನಿಂತಳು. ಒಗ್ಗರಣೆ ಸೀದು ಹೋಯಿತು.

ಆಮೇಲೆ ಮಗು ಒಂದನೇ ಕ್ಲಾಸಿಗೆ ಸೇರಿತು. ಪೆನ್ಸಿಲ್ಲು ಕೊಡಿಸಲು ಅಂಗಡಿಗೆ ಕರೆದುಕೊಂಡು ಹೋದಳು. ಅಂಗಡಿ ಹಾಲೇಶನದು. ಈಗ ಅವನಿಗೆ ಬೊಜ್ಜು ಬಂದಿದೆ, ಶಾಲೆಯ ಹಳೇ ಗೆಳೆಯರ ವಾಟ್ಸಾಪ್ ಗುಂಪಿಗೆ ಅವನೇ ಯಜಮಾನ. ಮಗು “ಪ... ಪ... ಪೆನ್ಸಿಲ್” ಅಂದದ್ದೇ ತಡ, ಹಾಲೇಶನ ಮುಖ ಅರಳಿತು.

“ಓಹೋ! ಜೂನಿಯರ್ ಪೆಡ್ಲು!” ಅಂದ. ಅಂದು ಒಂದು ಚಾಕೊಲೇಟನ್ನೂ ಕೊಟ್ಟ.

ದಾರಿಯಲ್ಲಿ ಮಗು ಕೇಳಿತು, “ಅಮ್ಮ, ಪೆ... ಪೆಡ್ಲು ಅಂದ್ರೇನು?”

“ಏ... ಏನಿಲ್ಲ ಚಿನ್ನ. ಸೈಕಲ್ ಆಟ,” ಅಂದಳು ತಾಯಿ. ಮತ್ತೆ ಅದೇ ಸುಳ್ಳು.

ಅವತ್ತಿನಿಂದ ನನಗೆ ಸಿಟ್ಟಿನ ಜೊತೆಗೆ ಭಯವೂ ಹತ್ತಿತು. ತಾಯಿಯ ಹೆಗಲಿನಿಂದ ಮಗಳ ಹೆಗಲಿಗೆ ನನ್ನನ್ನು ದಾಟಿಸಲು ಹೊರಟಿದ್ದರು. ನಾನೇನು ಮೂಗುತಿಯೇ, ತಲೆಮಾರಿನಿಂದ ತಲೆಮಾರಿಗೆ ಕೊಡಲು? ಆ ಮಗುವಿನ ಮೇಲೆ ಹತ್ತಲು ನನಗೆ ಇಷ್ಟವಿರಲಿಲ್ಲ. ಆದರೆ ಹೆಸರಿನ ಇಷ್ಟವನ್ನು ಕೇಳುವವರು ಯಾರು?

ಅಷ್ಟರಲ್ಲಿ ವಾಟ್ಸಾಪ್ ಗುಂಪಿನವರು ಗುರುವಂದನೆ ಇಟ್ಟುಕೊಂಡರು. ನಿವೃತ್ತರಾದ ಮೇಷ್ಟ್ರುಗಳನ್ನು ಕರೆಸಿ, ಶಾಲು ಹೊದಿಸಿ, ಹಣ್ಣಿನ ತಟ್ಟೆ ಕೊಟ್ಟು ಕಾಲಿಗೆ ಬೀಳುವ ಕಾರ್ಯಕ್ರಮ. ದಾಕ್ಷಾಯಣಿಗೆ ಹೋಗಲು ಮನಸ್ಸಿರಲಿಲ್ಲ. “ಪೆಡ್ಲು ಇಲ್ದೆ ಕಾರ್ಯಕ್ರಮ ಏನ್ ಚಂದ?” ಅಂತ ಹಾಲೇಶ ದಿನಾ ಮೆಸೇಜು ಹಾಕಿದ. ಕೊನೆಗೆ ಮಗಳನ್ನು ಕರೆದುಕೊಂಡು ಹೋದಳು.

ಕಲ್ಯಾಣ ಮಂಟಪದ ಬಾಗಿಲಲ್ಲೇ ಹಾಲೇಶ ಬ್ಯಾಡ್ಜು ಹಂಚುತ್ತಿದ್ದ. ತಮಾಷೆ ಇರಲಿ ಅಂತ ಎಲ್ಲರ ಬ್ಯಾಡ್ಜಿನ ಮೇಲೂ ಅಡ್ಡಹೆಸರನ್ನೇ ಅಚ್ಚು ಹಾಕಿಸಿದ್ದ. ದಾಕ್ಷಾಯಣಿಯ ಸೆರಗಿಗೆ ನನ್ನನ್ನು ಚುಚ್ಚಿದರು. ಆಮೇಲೆ ಹಾಲೇಶ ಜೇಬಿನಿಂದ ಇನ್ನೊಂದು ಚಿಕ್ಕ ಬ್ಯಾಡ್ಜು ತೆಗೆದ. ‘ಜೂನಿಯರ್ ಪೆಡ್ಲು.’ ಅದನ್ನು ತಾನೇ ಬಗ್ಗಿ ಇಂಚರಳ ಫ್ರಾಕಿಗೆ ಚುಚ್ಚಿದ. ಮಗು ಬಣ್ಣದ ಬ್ಯಾಡ್ಜು ನೋಡಿ ಹಿಗ್ಗಿತು. ದಾಕ್ಷಾಯಣಿ ಏನೋ ಹೇಳಲು ಬಾಯಿ ತೆರೆದಳು. ಮಾತು ಹೊರಡುವಷ್ಟರಲ್ಲಿ ಹಾಲೇಶ ಮುಂದಿನವರ ಹತ್ತಿರ ಹೋಗಿದ್ದ. ಉಗ್ಗುವವರ ಕಷ್ಟ ಇದೇ. ಅವರ ಮಾತು ಬರುವ ಹೊತ್ತಿಗೆ ಲೋಕ ಮುಂದಕ್ಕೆ ಹೋಗಿರುತ್ತದೆ.

ವೇದಿಕೆಯ ಮೇಲೆ ಗುರುಸಿದ್ದಪ್ಪ ಮೇಷ್ಟ್ರು ಮುದುಕರಾಗಿ ಕೂತಿದ್ದರು. ಮೈಕು ಹಾಲೇಶನ ಕೈಯಲ್ಲಿ. ಒಬ್ಬೊಬ್ಬರೇ ಹೋಗಿ ಹೆಸರು ಹೇಳಿ, ಮೇಷ್ಟ್ರ ಕಾಲಿಗೆ ಬಿದ್ದು ಬರಬೇಕು. ದಾಕ್ಷಾಯಣಿ ಮೆಟ್ಟಿಲು ಹತ್ತಿದಾಗ ಮೇಷ್ಟ್ರು ಬ್ಯಾಡ್ಜು ಓದಿ ಕಣ್ಣರಳಿಸಿದರು.

“ಎಲಾ, ನಮ್ ಪೆಡ್ಲು! ಎಷ್ಟ್ ದೊಡ್ಡಾಕಿ ಆಗೀಯಮ್ಮ! ನಿನ್ ನಿಜವಾದ್ ಹೆಸರೇನಮ್ಮ? ನನಗೆ ಅದು ಗೊತ್ತೇ ಇಲ್ಲ ನೋಡು.”

ಮೂರು ವರ್ಷ ಪಾಠ ಮಾಡಿದ ಮನುಷ್ಯ! ಹೆಸರು ಗೊತ್ತಿಲ್ಲವಂತೆ! ಬ್ಯಾಡ್ಜಿನ ಮೇಲೆ ಕೂತಿದ್ದ ನನಗೆ ಅವಳ ಎದೆ ಹೊಡೆದುಕೊಳ್ಳುವುದು ಕೇಳಿಸುತ್ತಿತ್ತು.

“ದ... ದ... ದ...”

ಕೆಳಗೆ ಯಾರೋ ನಕ್ಕರು. ಪ್ಲಾಸ್ಟಿಕ್ ಕುರ್ಚಿಗಳ ಕೆಳಗೆ ಒಂದು ಜೊತೆ ಕಾಲು ಆಡಿತು. ಇನ್ನೊಂದು ಜೊತೆ. ಆಮೇಲೆ ಇಡೀ ಮಂಟಪ. ನಲವತ್ತು ದಾಟಿದ ಹೆಂಗಸರು ಗಂಡಸರು, ಬ್ಯಾಂಕಿನವರು, ಟೀಚರುಗಳು, ದಲಾಲಿ ಅಂಗಡಿಯವರು, ಎಲ್ಲರೂ ನಗುನಗುತ್ತ ನೆಲ ತುಳಿಯತೊಡಗಿದರು. ದಡದಡ ದಡದಡ. ಮೇಷ್ಟ್ರೂ ಕೂತಲ್ಲೇ ಕಾಲು ಆಡಿಸಿದರು.

ಮುಂದಿನ ಸಾಲಿನಲ್ಲಿ ಇಂಚರ ಕೂತಿತ್ತು. ಅಮ್ಮ ಹೇಳಿದ ಸೈಕಲ್ ಆಟ ಇದೇ ಇರಬೇಕು ಅಂದುಕೊಂಡಿತು. ನೆಲಕ್ಕೆ ಮುಟ್ಟದ ತನ್ನ ಪುಟ್ಟ ಕಾಲುಗಳನ್ನು ಗಾಳಿಯಲ್ಲೇ ತುಳಿಯುತ್ತ ಕಿಲಕಿಲ ನಕ್ಕಿತು.

ದಾಕ್ಷಾಯಣಿ ಅದನ್ನು ನೋಡಿದಳು.

ಹಾಲೇಶ ಉಪಕಾರ ಮಾಡುವವನ ಹಾಗೆ ಮೈಕಿನಲ್ಲಿ ಶುರು ಮಾಡಿದ, “ಸಾರ್, ಇವಳ ಹೆಸರು ದಾಕ್ಷಾ—”

ಅವಳು ಅವನ ಕೈಯಿಂದ ಮೈಕು ಕಿತ್ತುಕೊಂಡಳು. “ಸು... ಸುಮ್ನಿರೋ! ಅದು ನ... ನನ್ನ ಹೆಸರು. ನಾ... ನಾನು ಹೇಳ್ತೀನಿ.”

ಕಾಲುಗಳು ಒಂದೊಂದಾಗಿ ನಿಂತವು. ಅವಳು ಕಣ್ಣು ಕೆಳಗೆ ಹಾಕಲಿಲ್ಲ. “ದ... ದ... ದ...” ಅವಳ ಕುತ್ತಿಗೆಯ ನರ ಉಬ್ಬಿತು, ಗದ್ದ ನಡುಗಿತು. ಯಾರೋ ಕೆಮ್ಮಿದರು, ಯಾರೋ ಮೊಬೈಲು ನೋಡಿದರು. ಅವಳು ಬಿಡಲಿಲ್ಲ, ಎಲ್ಲರನ್ನೂ ಕಾಯಿಸಿದಳು. “ದ... ದಾ... ದಾಕ್ಷಾಯಣಿ.”

ಅವಳು ಮೇಷ್ಟ್ರ ಕಡೆ ತಿರುಗಿದಳು.

“ಇ... ಇಷ್ಟೇ ಹೊತ್ತು ಸಾರ್. ಅವತ್ತು ಇಷ್ಟು ಹೊತ್ತು ಕಾ... ಕಾದಿದ್ರೆ ಸಾಕಾಗಿತ್ತು.”

“ಪ್ರೀತಿಯಿಂದ ಅಂದಿದ್ದಮ್ಮ ನಾನು,” ಅಂದರು ಮೇಷ್ಟ್ರು ಸಣ್ಣ ದನಿಯಲ್ಲಿ. ಪ್ರೀತಿಯಂತೆ! ನನ್ನನ್ನು ಹುಟ್ಟಿಸಿದವರ ಬಾಯಲ್ಲೇ ಈ ಮಾತು ಕೇಳಬೇಕಾಗಿತ್ತು ನಾನು. ದಾಕ್ಷಾಯಣಿ ಕಾಲಿಗೆ ಬೀಳಲಿಲ್ಲ. ಕೆಳಗಿಳಿದು ಮಗಳ ಫ್ರಾಕಿನ ಬ್ಯಾಡ್ಜು ಬಿಚ್ಚಿದಳು, ತನ್ನದನ್ನೂ ಬಿಚ್ಚಿದಳು. ಎರಡನ್ನೂ ಹಾಲೇಶನ ಅಂಗೈಯಲ್ಲಿಟ್ಟು ಹೊರಟಳು.

ಆಟೋದಲ್ಲಿ ಮಗಳಿಗೆ ನಿಜ ಹೇಳಿದಳು. ಮನೆಗೆ ಬಂದು ಊರಿನ ಸಮಾಚಾರದ ಗುಂಪಿನಲ್ಲಿ ಯೂಸರ್‌ನೇಮಿನ ಆ ಹಳೆಯ ಪ್ರಶ್ನೆ ಹುಡುಕಿ, ಸೈಕಲ್ಲಿನ ಸುಳ್ಳನ್ನು ಅಳಿಸಿ, ನನ್ನ ಹುಟ್ಟಿನ ಕಥೆಯನ್ನು ಇದ್ದದ್ದು ಇದ್ದ ಹಾಗೆ ಬರೆದಳು. ಕೊನೆಯ ಸಾಲು ಹೀಗಿತ್ತು: ‘ನಾನು ಅಣ್ಣ ಅಲ್ಲ. ದಾಕ್ಷಾಯಣಿ.’ ಆಮೇಲೆ ಒಂದೊಂದೇ ಕಡೆ ನನ್ನನ್ನು ಕಿತ್ತು ಹಾಕಿ ತನ್ನ ಹೆಸರು ಕೂರಿಸಿದಳು. ಸಾಮಾನು ತರಿಸುವ ಒಂದು ಕಡೆ ಮಾತ್ರ ಮರೆತಳು.

ಅದರಿಂದಲೇ ನನ್ನ ಕೊನೆಯ ಪ್ರಯಾಣವಾಯಿತು. ಮಿಕ್ಸಿ ಜಾರಿನ ಮುಚ್ಚಳ ಇದ್ದ ಒಂದು ರಟ್ಟಿನ ಪೆಟ್ಟಿಗೆಯ ಮೇಲೆ ಅಂಟಿಕೊಂಡು ಅವಳ ಮನೆ ಬಾಗಿಲಿಗೆ ಹೋದೆ. ಬಾಗಿಲು ತೆರೆದದ್ದು ಇಂಚರ.

“ಪೆಡ್ಲು ಅಂದ್ರೆ ಯಾರಮ್ಮ?” ಕೊರಿಯರಿನವನು ಕೇಳಿದ.

ಮಗು ನನ್ನನ್ನೇ ದಿಟ್ಟಿಸಿತು. “ಹ... ಹಂಗಂತ ಯಾರೂ ಇಲ್ಲ ಇಲ್ಲಿ.”

“ಮತ್ತೆ ನಿನ್ ಹೆಸರೇನು?”

“ಇ... ಇ... ಇ...”

ಅವನಿಗೆ ಅವಸರ. ಬಾಯಿ ತೆರೆದ. ಒಳಗಿನಿಂದ ದಾಕ್ಷಾಯಣಿಯ ದನಿ ಬಂತು, “ಕಾ... ಕಾಯ್ರಿ. ಅವಳೇ ಹೇಳ್ತಾಳೆ.”

ಅವನು ಪೆಟ್ಟಿಗೆ ಕಂಕುಳಲ್ಲಿಟ್ಟುಕೊಂಡು ಕಾದ. ಮಗು ತನ್ನ ಹೆಸರನ್ನು ಪೂರ್ತಿ ಹೇಳಿತು. “ಚಂದೈತಮ್ಮ ಹೆಸರು,” ಅಂದ. ಆಮೇಲೆ ಪೆನ್ನು ತೆಗೆದು ನನ್ನ ಮೇಲೆ ಅಡ್ಡ ಗೆರೆ ಎಳೆದು, ಪಕ್ಕದಲ್ಲಿ ಬರೆದುಕೊಂಡ: ‘ಈ ಹೆಸರಿನವರು ಇಲ್ಲ.’ ಮುಚ್ಚಳ ಹೋದರೆ ಹೋಗಲಿ ಅಂತ ದಾಕ್ಷಾಯಣಿಯೂ ತಡೆಯಲಿಲ್ಲ.

ಈಗ ನಾನು ಗೋದಾಮಿನ ಮೂಲೆಯಲ್ಲಿ, ವಾಪಸ್ಸು ಬಂದ ಸಾಮಾನುಗಳ ರಾಶಿಯಲ್ಲಿ ಬಿದ್ದಿದ್ದೇನೆ. ಧೂಳು ಕೂತಿದೆ. ಆನ್‌ಲೈನಿನಲ್ಲಿ ಯಾರಾದರೂ ನನ್ನನ್ನು ಟೈಪ್ ಮಾಡಿದರೆ ‘ಈ ಹೆಸರು ಲಭ್ಯವಿದೆ’ ಅಂತ ತೋರಿಸುತ್ತದಂತೆ. ಕೇಳಿಸಿಕೊಳ್ಳಿ, ಲಭ್ಯವಿಲ್ಲ! ನನ್ನನ್ನು ಯಾರೂ ಮುಟ್ಟಬೇಡಿ, ಯಾರ ಮೇಲೂ ಹೊರಿಸಬೇಡಿ. ಬಾಯಿ ತೆರೆದು ನಿಂತ ಮಗು ಕಂಡರೆ ಒಂದು ಗಳಿಗೆ ಕಾಯಿರಿ. ಅದಕ್ಕೆ ಹೆಸರಿದೆ, ಬರುತ್ತಿದೆ.