ಎಡಗಡೆಯ ಜಿಪ್ಪು

ಹಾಲಿನ ಕೇಂದ್ರದಲ್ಲಿ ಕೊನೆಯ ಕ್ಯಾನನ್ನು ತೊಳೆದು ಬೋರಲು ಹಾಕಿದ ಮೇಲೆ ಎಡಚಿ ಒಂದು ಕ್ಷಣವೂ ನಿಲ್ಲಲಿಲ್ಲ. ಬೇರೆ ದಿನವಾಗಿದ್ದರೆ ಕಟ್ಟೆಯ ಮೇಲೆ ಕೂತು, ಹಾಲು ಹಾಕಲು ಬಂದವರ ಹಸು, ಕರು, ಸೊಂಟನೋವುಗಳ ಸಮಾಚಾರವನ್ನೆಲ್ಲ ಕೇಳಿಸಿಕೊಂಡೇ ಏಳುತ್ತಿದ್ದಳು. ಇವತ್ತು ಮಾತ್ರ ಹಳೆಯ ಸೈಕಲ್ ಹತ್ತಿ ಹಳ್ಳದ ಪಕ್ಕದ ಮಣ್ಣುದಾರಿಯಲ್ಲಿ ನೇರ ಮನೆಗೆ ತುಳಿದಳು. ಅತ್ತಿಗೆ ಚೀಲ ಹೊಲಿದು ಮುಗಿಸಿರುತ್ತಾಳೆ. ಅದನ್ನು ಹೊಸ ಸೈಕಲ್ಲಿಗೆ ಕಟ್ಟಿ ನೋಡಬೇಕು.

ಅವಳಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಚಿಕ್ಕವಳಾಗಿದ್ದಾಗ ಎಡಗೈಯಲ್ಲೇ ಬಳಪ ಹಿಡಿಯುತ್ತಾಳೆ, ಎಡಗೈಯಲ್ಲೇ ಕಲ್ಲು ಬೀರುತ್ತಾಳೆ ಎಂದು ಅಣ್ಣ ಗೇಲಿ ಮಾಡಿ ಕರೆದ ಹೆಸರೇ ಊರಿಗೆಲ್ಲ ಅಂಟಿಕೊಂಡಿತ್ತು. ಊರಿನ ಹಸುಗಳಿಗೆ ಮಾತು ಬಂದಿದ್ದರೆ ಅವೂ ಹಾಗೆಯೇ ಕರೆಯುತ್ತಿದ್ದವೇನೋ.

ಬರುವ ವಾರ ಬೆಟ್ಟಸಾಲಿನ ಈ ಬದಿಯಿಂದ ಆ ಬದಿಗೆ ಸೈಕಲ್ ಪಂದ್ಯ. ಹಗಲು ರಾತ್ರಿ ಎನ್ನದೆ ದಿನಗಟ್ಟಲೆ ತುಳಿಯಬೇಕಾದ ದಾರಿ ಅದು, ಅರ್ಧಕ್ಕರ್ಧ ಬರೀ ಜಲ್ಲಿ. ಹಿಂದೆ ಮುಂದೆ ಯಾರ ವಾಹನವೂ ಬರುವಂತಿಲ್ಲ. ಹಾಸಿಗೆ, ಹೊದಿಕೆ, ಪಂಚರ್ ಸಾಮಾನು, ಊಟ ಎಲ್ಲ ಸೈಕಲ್ಲಿನ ಮೇಲೆಯೇ. ತೀರಾ ಬೇಕಾದರೆ ದಾರಿಯಲ್ಲಿ ಸಿಕ್ಕಿದ, ಎಲ್ಲರಿಗೂ ತೆರೆದಿರುವ ಅಂಗಡಿಯಲ್ಲಿ ಕೊಳ್ಳಬಹುದು. ಗೆಳೆಯರೋ ನೆಂಟರೋ ಒಂದು ಲೋಟ ನೀರು ಕೊಟ್ಟರೂ ಪಂದ್ಯದಿಂದ ಹೊರಗೆ. ಆ ಕಟ್ಟಳೆಯೇ ಎಡಚಿಗೆ ಹಿಡಿಸಿದ್ದು. ಮನೆಯಲ್ಲಿ, ಕೇಂದ್ರದಲ್ಲಿ, ಹಾದಿಬೀದಿಯಲ್ಲಿ, ಅವಳಿಗೆ ಯಾವುದು ಒಳ್ಳೆಯದೆಂದು ಅವಳಿಗಿಂತ ಚೆನ್ನಾಗಿ ತಿಳಿದವರು ಯಾವಾಗಲೂ ಇಬ್ಬರು ಮೂವರು ಇದ್ದೇ ಇರುತ್ತಿದ್ದರು. ಅವರ್ಯಾರೂ ಬರಲಾಗದ ದಾರಿಯೊಂದು ಲೋಕದಲ್ಲಿದೆ ಎಂದು ಗೊತ್ತಾದಾಗ ಅವಳಿಗೆ ನಿದ್ದೆ ಬಂದಿರಲಿಲ್ಲ.

ಅಣ್ಣನದು ಸೈಕಲ್ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಅತ್ತಿಗೆಯ ಹೊಲಿಗೆ ಯಂತ್ರ. ಅತ್ತಿಗೆ ವ್ಯಾನು, ಟ್ರ್ಯಾಕ್ಟರುಗಳ ಸೀಟಿಗೆ ಕವರು ಹೊಲಿಯುವವಳು. ಅಣ್ಣನೂ ಈ ಪಂದ್ಯಕ್ಕೆ ಎರಡು ಸಲ ಹೋಗಿದ್ದ. ಮೊದಲ ಸಲ ಹಿಂದಿನ ಟಯರು ಸೀಳಿತು, ಎರಡನೆಯ ಸಲ ಮೊಣಕಾಲು ಕೈಕೊಟ್ಟಿತು. ಅಲ್ಲಿಂದ ಮುಂದೆ ಅವನು ಇತರರ ಸೈಕಲ್ಲುಗಳನ್ನು ರಿಪೇರಿ ಮಾಡುತ್ತ, ಪಂದ್ಯದ ಮಾತು ಬಂದಾಗಲೆಲ್ಲ ಮೊಣಕಾಲು ಉಜ್ಜಿಕೊಳ್ಳುತ್ತ ಇದ್ದ.

ಎಡಚಿ ಹಿತ್ತಲ ಬಾಗಿಲಿನಿಂದ ಒಳಗೆ ಬಂದಾಗ ಹೊಲಿಗೆ ಯಂತ್ರ ಸುಮ್ಮನಿತ್ತು. ಅತ್ತಿಗೆ ಅದರ ಮುಂದೆ ತಲೆ ತಗ್ಗಿಸಿ ಕೂತಿದ್ದಳು. ಅಣ್ಣ ಮಾತ್ರ ಕೈ ಒರೆಸಿಕೊಳ್ಳುತ್ತ ಎದುರಿಗೇ ಬಂದ.

"ಬಾ ಬಾ, ಕಣ್ಣು ಮುಚ್ಕೋ."

"ಕಣ್ಣು ಮುಚ್ಚೋಕೆ ನಾನೇನು ಎಳೆ ಮಗುನಾ? ಏನು?"

"ಎಲ್ಲಾ ಮುಗಿಸ್ಬಿಟ್ಟೆ ಕಣೇ. ಇನ್ನು ನೀನು ಹತ್ತಿ ಕೂತ್ಕೊಳ್ಳೋದೊಂದೇ ಬಾಕಿ."

ಸೈಕಲ್ಲು ಸ್ಟ್ಯಾಂಡಿನ ಮೇಲೆ ಮಾರಾಟಕ್ಕಿಟ್ಟಂತೆ ಮಿರುಗುತ್ತಿತ್ತು. ಹ್ಯಾಂಡಲ್ಲಿಗೆ ಸುರುಳಿ ಸುತ್ತಿದ ಹಾಸಿಗೆ, ಸೀಟಿನ ಹಿಂದೆ ಉದ್ದನೆಯ ಚೀಲ, ಫ್ರೇಮಿನ ನಡುವಿನ ಮೂರು ಮೂಲೆಯ ಜಾಗದಲ್ಲಿ ಅತ್ತಿಗೆ ಹೊಲಿದ ಹೊಸ ಚೀಲ. ಕಟ್ಟಿದ ಪಟ್ಟಿಗಳ ಬಾಲ ಕೂಡ ಒಂದೇ ಅಳತೆಗೆ ಕತ್ತರಿಸಿತ್ತು. ಎಡಚಿ ಹತ್ತಿರ ಹೋಗಿ ಮೊದಲು ಟಯರನ್ನು ಹೆಬ್ಬೆರಳಿನಿಂದ ಒತ್ತಿದಳು. ಅದು ಅವಳ ಟಯರಲ್ಲ.

"ನನ್ನ ಟಯರ್ ಎಲ್ಲಿ?"

"ಅಟ್ಟದ ಮೇಲೆ. ಅದು ಟ್ರ್ಯಾಕ್ಟರಿಗೆ ಹಾಕೋದು, ಪಂದ್ಯಕ್ಕಲ್ಲ. ಇದನ್ನ ಎತ್ತಿ ನೋಡು, ಎಷ್ಟು ಹಗುರ."

"ಚಳಿಗಾಲ ಪೂರ್ತಿ ಹಾಲಿನ ದಾರೀಲಿ ಎರಡನ್ನೂ ಹಾಕಿ ತುಳಿದು ನೋಡಿದ್ದೀನಿ ನಾನು. ಬಾಟ್ಲಿಗಳಿಗೆ ನೀರು ತುಂಬಿ ಭಾರ ಕಟ್ಕೊಂಡು. ಸಣ್ಣ ಟಯರು ಜಲ್ಲೀಲಿ ಹಾವಿನ ಹಾಗೆ ಹೊರಳುತ್ತೆ."

"ಹಾಲಿನ ದಾರಿ ಬೇರೆ, ಬೆಟ್ಟದ ದಾರಿ ಬೇರೆ."

ಅವಳ ಕಣ್ಣು ಕೆಳಗಿಳಿಯಿತು. ಪೆಡಲಿನ ಬುಡದಲ್ಲಿ ಚೈನನ್ನು ಎಳೆಯುವ ಹಲ್ಲುಚಕ್ರವಾಗಿ ಅವಳು ಆರಿಸಿದ್ದ ಚಿಕ್ಕ ಚೈನ್‌ವೀಲ್ ಇರಲಿಲ್ಲ. ಆ ಜಾಗದಲ್ಲಿ ತಟ್ಟೆಯಷ್ಟು ದೊಡ್ಡದೊಂದು ಕೂತಿತ್ತು.

"ಇದು?"

"ಇಳಿಜಾರಲ್ಲಿ ಕಾಲು ಸುಮ್ನೆ ಗಿರಗಿರ ತಿರುಗುತ್ತೆ ಕಣೇ ಚಿಕ್ಕದಿದ್ರೆ. ತುಳಿದದ್ದೇ ಗೊತ್ತಾಗಲ್ಲ."

"ಇಳಿಜಾರಲ್ಲಿ ತುಳಿಯೋರು ಯಾರು? ಅಲ್ಲಿ ನಾನು ಆರಾಮಾಗಿ ಖರ್ಜೂರ ತಿಂತಾ ಇಳೀತೀನಿ. ಇಷ್ಟು ದೊಡ್ಡದಿಟ್ಕೊಂಡು ಹತ್ತೋವಾಗ ನೀನು ಬಂದು ತಳ್ತೀಯಾ?"

ಅಣ್ಣ ನಕ್ಕ. ಅವಳಿಗೆ ನಗು ಬರಲಿಲ್ಲ. ಖರ್ಜೂರದ ಮಾತಿಗೆ ಅವಳ ಎಡಗೈ ತಾನಾಗಿಯೇ ಚೀಲದ ಕಡೆ ಹೋಗಿತ್ತು. ಬೆರಳಿಗೆ ಬರೀ ಬಟ್ಟೆ ಸಿಕ್ಕಿತು. ಮೇಲಿಂದ ಕೆಳಗೆ, ಮೂಲೆಯಿಂದ ಮೂಲೆಗೆ ಸವರಿದಳು. ಜಿಪ್ಪು ಇರಲಿಲ್ಲ. ಬಗ್ಗಿ ಆ ಮಗ್ಗುಲು ನೋಡಿದಳು. ಜಿಪ್ಪು ಬಲಕ್ಕಿತ್ತು.

"ಅತ್ತಿಗೇ."

"ನನ್ನ ಕೇಳಬೇಡ," ಎಂದಳು ಅತ್ತಿಗೆ, ತಲೆ ಎತ್ತದೆ. "ನೀನು ಹೇಳಿದ ಹಾಗೇ ಹೊಲಿದು ಇಟ್ಟಿದ್ದೆ. ಇವ್ರು ಬಂದು ಬಿಚ್ಚಿಸಿದ್ರು."

"ಬಿಚ್ಚಿಸ್ದೇ ಇನ್ನೇನು ಮಾಡ್ಲಿ?" ಎಂದ ಅಣ್ಣ. "ಅಳತೆಯ ರಟ್ಟು ಮಗುಚಿ ಬಿದ್ದಿತ್ತು ಕಣೇ. ನೀನು ಅವಸರದಲ್ಲಿ ಗುರುತು ಹಾಕಿದ್ದೀಯ, ಇವಳು ಕಣ್ಣು ಮುಚ್ಕೊಂಡು ಹೊಲಿದಿದ್ದಾಳೆ. ನಾನು ನೋಡಿದ್ದಕ್ಕೆ ಆಯ್ತು. ಯಾವ ಅಂಗಡಿಗೆ ಬೇಕಾದ್ರೂ ಹೋಗು, ಜಿಪ್ಪು ಬಲಕ್ಕೇ ಇರೋದು."

ಆ ರಟ್ಟನ್ನು ಕತ್ತರಿಸಿದವಳು ಎಡಚಿಯೇ. ಹಳೆಯ ಪೆಟ್ಟಿಗೆಯೊಂದನ್ನು ಫ್ರೇಮಿಗೆ ಒತ್ತಿಹಿಡಿದು ಗೆರೆ ಎಳೆದು, ಬಾಟ್ಲಿಗೆ ಜಾಗ ಬಿಟ್ಟು, ಎಡ ಮಗ್ಗುಲಿಗೆ ಸೀಮೆಸುಣ್ಣದಲ್ಲಿ ಜಿಪ್ಪಿನ ದಾರಿ ಬರೆದಿದ್ದಳು. ಅವಸರ ಮಾಡಿರಲಿಲ್ಲ. ಅಂಗಡಿಯ ಚೀಲದ ಬಲಗಡೆಯ ಜಿಪ್ಪಿಗೆ ಕೈಹಾಕಲು ಹೋಗಿಯೇ ಹಳ್ಳದ ಇಳಿಜಾರಿನಲ್ಲಿ ಬಿದ್ದು ಮೊಣಕೈ ತರಚಿಕೊಂಡಿದ್ದಳು. ಬಲಗೈ ಚೀಲದೊಳಗೆ ತಡಕಾಡುತ್ತಿತ್ತು, ಹ್ಯಾಂಡಲ್ ಹಿಡಿದಿದ್ದ ಎಡಗೈ ಬೆರಳುಗಳಿಗೆ ಏನಾದರೂ ಮಾಡುವ ಆತುರ, ಅಷ್ಟರಲ್ಲಿ ಚಕ್ರ ಸೊಟ್ಟಗಾಗಿತ್ತು. ಗಾಯಕ್ಕೆ ಪಟ್ಟಿ ಕಟ್ಟಿದವನು ಇದೇ ಅಣ್ಣ. "ಹೊಟ್ಟೆ ಹಸಿದು ತಲೆ ತಿರುಗಿರುತ್ತೆ" ಎಂದಿದ್ದ. ಅವಳು ಅಲ್ಲ ಎಂದು ಹೇಳಿದ್ದು ಅವನ ಕಿವಿಗೇ ಬಿದ್ದಿರಲಿಲ್ಲ.

ಈಗ ಅವಳ ಮೈ ಉರಿಯತೊಡಗಿತು. ಕೂಗಾಡುವ ಸಿಟ್ಟಲ್ಲ ಅದು. ದನಿ ತಗ್ಗಿಸಿ ಕೇಳಿದಳು.

"ಅಣ್ಣ, ನೀನು ನನ್ನನ್ನ ಏನಂತ ಕರೀತೀಯ?"

"ಏನಂತ ಅಂದ್ರೆ?"

"ಕರೀ ನೋಡೋಣ ಒಂದ್ಸಲ."

"ಎಡಚಿ ಅಂತ. ಯಾಕೆ, ಇವತ್ತು ಹೊಸದಾಗಿ ಕರೀಬೇಕಾ?"

"ಯಾಕೆ ಹಾಗೆ ಕರೀತೀಯ?"

ಅವನು ಬಾಯಿ ತೆರೆದ. ಏನೋ ಹೊಳೆದಂತೆ ಅವನ ಕಣ್ಣು ಚೀಲದ ಕಡೆ ಹೋಗಿ ಬಂತು. ತಪ್ಪಾಯ್ತು ಎಂಬ ಒಂದು ಮಾತು ಅವನ ಬಾಯಿಂದ ಆಗ ಬಂದಿದ್ದರೆ ಅವಳು ಅಲ್ಲಿಗೇ ಬಿಟ್ಟುಬಿಡುತ್ತಿದ್ದಳೋ ಏನೋ. ಅವನಿಗೂ ಸಿಟ್ಟು ಬಂತು.

"ಅದಕ್ಕೂ ಇದಕ್ಕೂ ಏನೇ ಸಂಬಂಧ? ಅದು ಹೆಸರು!"

ಅತ್ತಿಗೆ ಮೂಗಿನಲ್ಲಿ ಒಂದು ಸದ್ದು ಮಾಡಿದಳು. ಅದು ನಗುವೋ ಉಸಿರೋ ಹೇಳುವಂತಿರಲಿಲ್ಲ.

"ಎರಡು ಸಲ ಹೋಗಿ ಬಂದಿದ್ದೀನಿ ನಾನು," ಎಂದು ಅಣ್ಣ ದನಿ ಏರಿಸಿದ. "ಆ ದಾರಿ ನಿನಗೇನು ಗೊತ್ತು?"

"ಹೋಗಿ ಬಂದದ್ದಲ್ಲ, ಅರ್ಧಕ್ಕೇ ಬಂದದ್ದು. ಎರಡು ಸಲನೂ ಘಾಟಿ ದಾಟೋಕಾಗದೆ ವಾಪಸ್ ಬಂದೆ. ಇದೇ ದೊಡ್ಡ ಚೈನ್‌ವೀಲ್, ಇದೇ ಸಣ್ಣ ಟಯರ್ ಹಾಕ್ಕೊಂಡು."

ಮಾತು ನೆಟ್ಟಗೆ ಹೋಗಿ ನಾಟಿತು. ಅಣ್ಣನ ಕೈ ಮೊಣಕಾಲಿಗೆ ಹೋಯಿತು.

"ಗೊತ್ತು ಕಣೇ! ಅದಕ್ಕೇ, ನನಗಾದದ್ದು ನಿನಗಾಗಬಾರ್ದು ಅಂತಾನೇ ಇಷ್ಟೆಲ್ಲ ಮಾಡ್ತಿರೋದು. ಪಕ್ಕದ ಅಂಗಡಿ ವೆಲ್ಡರ್‌ಗೆ ಕೂಡ ಹೇಳಿಟ್ಟಿದ್ದೀನಿ, ಘಾಟಿ ತಲೇಲಿ ವ್ಯಾನು ನಿಲ್ಲಿಸ್ಕೊಂಡು ಇರ್ತಾನೆ, ಇನ್ನೊಂದು ಚಕ್ರ, ಬಿಸಿ ಊಟ..."

ಹೇಳಬಾರದ್ದನ್ನು ಹೇಳಿಬಿಟ್ಟೆನೆಂದು ಅವನಿಗೆ ತಿಳಿಯುವ ಹೊತ್ತಿಗೆ ತಡವಾಗಿತ್ತು.

"ಅದು ಮೋಸ," ಎಂದಳು ಎಡಚಿ.

"ಮೋಸ ಏನು ಬಂತು, ಸಹಾಯ. ಯಾರು ನೋಡ್ತಾರೆ ಆ ಬೆಟ್ಟದ ಮೇಲೆ?"

"ನಾನು ನೋಡ್ತೀನಲ್ಲ." ಅವಳು ಸೈಕಲ್ಲಿನ ಹ್ಯಾಂಡಲ್ ಹಿಡಿದಳು. "ಒಂದು ಮಾತು ಹೇಳು. ಈ ಪಂದ್ಯಕ್ಕೆ ಹೋಗೋದು ನಾನಾ, ಇಲ್ಲ ನಿನ್ನ ಮೊಣಕಾಲಿನ ಬದಲಿಗೆ ನನ್ನ ಕಾಲು ಕಳಿಸ್ತಿದ್ದೀಯಾ?"

ಉತ್ತರಕ್ಕೆ ಅವಳು ಕಾಯಲಿಲ್ಲ. ಸೈಕಲ್ಲನ್ನು ಸ್ಟ್ಯಾಂಡಿನಿಂದ ಇಳಿಸಿ ಗೋಡೆಗೆ ಆನಿಸಿದಳು. ಪಟ್ಟಿಗಳನ್ನು ಒಂದೊಂದಾಗಿ ಬಿಚ್ಚಿದಳು. ಹಾಸಿಗೆಯ ಸುರುಳಿ ನೆಲಕ್ಕೆ ಬಿತ್ತು, ಪಂಪು ಉರುಳಿಕೊಂಡು ಮೇಜಿನ ಕೆಳಗೆ ಹೋಯಿತು. ಸೀಟಿನ ಹಿಂದಿನ ಚೀಲವನ್ನು ಬುಡಮೇಲು ಮಾಡಿ ಕೊಡವಿದಳು. ಅವಳು ಕಾಣದ ಸಾಮಾನುಗಳೆಲ್ಲ ಹೊರಬಿದ್ದವು: ಉಣ್ಣೆಯ ಟೋಪಿ, ಮೊಣಕಾಲಿನ ನೋವಿಗೆ ಹಚ್ಚುವ ಮುಲಾಮು, ಅಣ್ಣನ ಹಳೆಯ ಮೊಣಕಾಲು ಪಟ್ಟಿ. ಅವಳ ಮೊಣಕಾಲಿಗೆ ಇವತ್ತಿನವರೆಗೆ ಒಂದು ನೋವೂ ಬಂದಿರಲಿಲ್ಲ. ಆ ಪಟ್ಟಿಯನ್ನು ಎತ್ತಿ ಅವಳು ಅಣ್ಣನ ಮೇಜಿನ ಮೇಲಿಟ್ಟಳು, ಎಸೆಯಲಿಲ್ಲ. ನಡುವಿನ ಚೀಲವನ್ನು ಬಿಚ್ಚಿ ಅತ್ತಿಗೆಯ ಕಡೆ ತಿರುಗಿದಳು. ಬಾಯಿಬಿಟ್ಟು ಕೇಳುವ ಮೊದಲೇ ಅತ್ತಿಗೆ ಕೈಚಾಚಿ ಚೀಲ ತೆಗೆದುಕೊಂಡು, ಕತ್ತರಿಯ ಮೊನೆಯನ್ನು ಹೊಲಿಗೆಯೊಳಗೆ ತೂರಿಸಿ ಪರಪರ ಎಳೆದಳು.

"ಇವಳು ಮುಟ್ಟಬಹುದು, ನಾನು ಮುಟ್ಟಬಾರ್ದಾ?" ಎಂದ ಅಣ್ಣ.

"ನಾನು ಕೇಳಿ ಹೊಲೀತೀನಿ," ಎಂದಳು ಅತ್ತಿಗೆ. "ಮದುವೆಯಾದಾಗಿನಿಂದ ನೋಡ್ತಿದ್ದೀನಿ, ನೀವು ಒಂದ್ಸಲನಾದ್ರೂ ಕೇಳಿ ಏನಾದ್ರೂ ಮಾಡಿದ್ದೀರಾ? ದಪ್ಪ ಬಟ್ಟೆಗೆ ಎರಡು ಸಲ ಹೊಲಿಗೆ ಹಾಕಿ ನನ್ನ ಬೆರಳು ತೂತಾಗಿದೆ. ಅದೂ ಕಾಣಿಸ್ಲಿಲ್ಲ ನಿಮಗೆ."

ಎಡಚಿ ಅಟ್ಟ ಹತ್ತಿ ತನ್ನ ಟಯರುಗಳನ್ನು ಇಳಿಸಿಕೊಂಡಳು. ಚಿಕ್ಕ ಚೈನ್‌ವೀಲ್ ಸಿಗಲಿಲ್ಲ. ಹೇಗೂ ಬೇಡವೆಂದು ಅಣ್ಣ ಅದನ್ನು ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಮಾರಾಟಕ್ಕೆ ಇಟ್ಟುಬಿಟ್ಟಿದ್ದ. ಅವಳು ಅದನ್ನು ಒಳಗಿನಿಂದ ನೋಡಿದಳು. ಕೈ ಚಾಚಿದ್ದರೆ ಸಿಗುತ್ತಿತ್ತು. ಚಾಚಲಿಲ್ಲ. ಹಿತ್ತಲ ಬಾಗಿಲಿನಿಂದ ಹೊರಗೆ ಹೋಗಿ, ಮನೆ ಸುತ್ತು ಹಾಕಿ, ಬೀದಿಯ ಕಡೆಯಿಂದ ಅಂಗಡಿಯ ಮುಂದೆ ಬಂದು ನಿಂತಳು. ಅಲ್ಲಿ ನೆರೆಮನೆಯ ಮುದುಕರೊಬ್ಬರು ಸೈಕಲ್ಲಿಗೆ ಗಾಳಿ ಹೊಡೆಸಲು ಕಾಯುತ್ತಿದ್ದರು. ಎಡಚಿ ಗಾಜಿನ ಮೇಲೆ ಬೆರಳಿನಿಂದ ತಟ್ಟಿದಳು.

"ಅಂಗಡೀಲಿ ಯಾರಿದ್ದೀರಿ? ಒಂದು ಚಿಕ್ಕ ಚೈನ್‌ವೀಲ್ ಬೇಕಿತ್ತು, ಕೊಡಿ."

ಹುಟ್ಟಿದಾಗಿನಿಂದ ಅಣ್ಣನನ್ನು ನೀನು ಎಂದವಳು ಅವಳು. ಆ 'ಕೊಡಿ' ಅವನ ಮುಖಕ್ಕೆ ತಣ್ಣೀರು ಎರಚಿದ ಹಾಗಾಯಿತು.

"ಏನೇ ಇದು ನಾಟಕ?"

"ಎಲ್ಲರಿಗೂ ತೆರೆದ ಅಂಗಡಿ ಅಲ್ವಾ ಇದು? ಕಟ್ಟಳೇಲಿ ಅಷ್ಟಕ್ಕೆ ಅವಕಾಶ ಇದೆ. ಇಲ್ಲಿಂದಲೇ ಶುರು ಮಾಡ್ತೀನಿ. ನೀವು ಕೊಡಲ್ಲ ಅಂದ್ರೆ ಪೇಟೆ ಅಂಗಡಿಗೆ ಹೋಗ್ತೀನಿ."

ಮುದುಕರು ಇಬ್ಬರ ಮುಖವನ್ನೂ ನೋಡಿ, "ನನಗೇನೂ ಅವಸರ ಇಲ್ಲಪ್ಪ. ಮೊದಲು ಆ ಗಿರಾಕಿಗೆ ಕೊಟ್ಟು ಕಳಿಸು, ಭಾಳ ಬಿಸಿ ಇದ್ದ ಹಾಗಿದೆ," ಎಂದರು.

ಅಣ್ಣ ಗಾಜಿನ ಪೆಟ್ಟಿಗೆ ತೆರೆದ. ಹಲ್ಲು ಕಚ್ಚಿಕೊಂಡು ಚೈನ್‌ವೀಲನ್ನು ತಂದು ಮೇಜಿನ ಮೇಲಿಟ್ಟ.

"ಇದೇನಾ?"

"ಇದೇ. ಮತ್ತೆ ಆ ವೆಲ್ಡರಿಗೆ ಒಂದು ಫೋನ್ ಮಾಡಿ. ಇಲ್ಲೇ, ನನಗೆ ಕೇಳಿಸೋ ಹಾಗೆ."

"ಹೇಳ್ತೀನಿ ಬಿಡು, ಆಮೇಲೆ..."

"ಈಗ ಮಾಡಿ."

ಅವನು ಫೋನ್ ಮಾಡಿದ. ಬೆನ್ನು ತಿರುಗಿಸಿ ನಿಂತು, "ಬೇಡ ಮಾರಾಯ, ನೀನು ಹೋಗ್ಬೇಡ," ಎಂದ. ಆ ಕಡೆಯಿಂದ ಯಾಕೆ ಎಂಬ ಪ್ರಶ್ನೆ ಬಂದಿರಬೇಕು. ಅಣ್ಣ "ಅವಳಿಗೆ ಬೇಡ್ವಂತೆ," ಎಂದು ಫೋನ್ ಇಟ್ಟ.

ಹಣ ಕೊಡಲು ಹೋದಾಗ ಅವನು ತೆಗೆದುಕೊಳ್ಳಲು ಒಪ್ಪಲಿಲ್ಲ. ಅವಳು ನೋಟನ್ನು ಮೇಜಿನ ಮೇಲಿಟ್ಟು ಅದರ ಮೇಲೆ ಸ್ಪ್ಯಾನರ್ ಇಟ್ಟು, ಮತ್ತೆ ಮನೆ ಸುತ್ತಿಕೊಂಡೇ ಒಳಗೆ ಬಂದಳು.

ಹೊತ್ತು ಇಳಿಯುವ ಮುಂಚೆ ಚೀಲ ಸಿದ್ಧವಾಯಿತು. ಬಿಚ್ಚಿ ಹೊಲಿದ ಬಲಮಗ್ಗುಲಿನಲ್ಲಿ ಹಳೆಯ ಸೂಜಿತೂತುಗಳ ಸಾಲು ಎದ್ದು ಕಾಣುತ್ತಿತ್ತು. ನೀರು ಒಸರದಿರಲೆಂದು ಅತ್ತಿಗೆ ಅದರ ಮೇಲೆ ಟ್ರ್ಯಾಕ್ಟರ್ ಸೀಟಿನ ಪಟ್ಟಿಯೊಂದನ್ನು ಹಾಕಿ ಹೊಲಿದಿದ್ದಳು. ಅಷ್ಟರಲ್ಲಿ ಚೈನ್‌ವೀಲು, ಟಯರುಗಳನ್ನು ಬದಲಿಸಿಕೊಂಡಿದ್ದ ಎಡಚಿ ಅಷ್ಟೂ ಸಾಮಾನನ್ನು ತಾನೇ ತುಂಬಿ, ತಾನೇ ಕಟ್ಟಿ, ಅಂಗಡಿಯ ಆಚೆಯ ದಿಬ್ಬಕ್ಕೆ ಸೈಕಲ್ ತಿರುಗಿಸಿದಳು.

ದಿಬ್ಬ ಕಡಿದಾಗಿತ್ತು. ಚಿಕ್ಕ ಚೈನ್‌ವೀಲ್ ಹಿಡಿಯಿತು, ದಪ್ಪ ಟಯರು ಜಲ್ಲಿಯನ್ನು ಕಚ್ಚಿಕೊಂಡಿತು. ಅರ್ಧ ದಾರಿಯಲ್ಲಿ ಬಲಗೈಯಲ್ಲಿ ಹ್ಯಾಂಡಲ್ ಹಿಡಿದು ಎಡಗೈ ಇಳಿಬಿಟ್ಟಳು. ಜಿಪ್ಪಿನ ನಾಲಗೆ ಬೆರಳಿಗೆ ಸಿಕ್ಕಿತು. ಎಳೆದು, ಒಂದು ಖರ್ಜೂರ ತೆಗೆದು ಬಾಯಿಗೆ ಹಾಕಿಕೊಂಡಳು. ಚಕ್ರ ಅಲ್ಲಾಡಲಿಲ್ಲ.

ಕೆಳಗಿನಿಂದ ಅಣ್ಣನ ಕೂಗು ಬಂತು. "ಸೀಟು ಕೆಳಗಾಯ್ತು..." ಎಂದವನು ಅಲ್ಲಿಗೇ ನುಂಗಿಕೊಂಡ. ಮತ್ತೆ ಕೂಗಿದ.

"ಸೀಟು ಕೆಳಗಾಯ್ತಾ?"

ಎಡಚಿ ಹಿಂದಿರುಗಿ ನೋಡಲಿಲ್ಲ. ಸಿಟ್ಟು ಇನ್ನೂ ಎದೆಯಲ್ಲಿ ಹಾಗೆಯೇ ಇತ್ತು, ದಿಬ್ಬ ಹತ್ತಲು ಅದೂ ಬೇಕಾಗಿತ್ತು. ಬಾಯಲ್ಲಿದ್ದ ಖರ್ಜೂರದ ಬೀಜವನ್ನು ಹೊಲದ ಕಡೆ ಉಗುಳಿ, "ಇಲ್ಲ!" ಎಂದು ಗಟ್ಟಿಯಾಗಿ ಕೂಗಿ ಹೇಳಿ ತುಳಿದಳು.