ಹೊರಗೆ ತಿಂದದ್ದು ಲೆಕ್ಕಕ್ಕಿಲ್ಲ

ನನ್ನ ಗಂಡನ ರಕ್ತಕ್ಕೆ ಸನ್ಮಾನವಾಗಿದೆ. ತಮಾಷೆಗೆ ಹೇಳುತ್ತಿಲ್ಲ, ಶಾಲು ಹೊದಿಸಿ ಹಾರ ಹಾಕಿದ್ದರು.

ಸಸ್ಯಾಹಾರಿಗಳ ರಕ್ತದಲ್ಲಿ ಬಿ ಟ್ವೆಲ್ವ್ ವಿಟಮಿನ್ ಕಡಿಮೆ ಇರುತ್ತದೆ, ಆಗಾಗ ಮೊಟ್ಟೆ ಮೀನು ತಿನ್ನುವವರೇ ಮೇಲು ಎಂದು ಯಾರೋ ಪತ್ರಿಕೆಯಲ್ಲಿ ಬರೆದಿದ್ದನಂತೆ. ಅವನ ಬಾಯಿ ಮುಚ್ಚಿಸಬೇಕೆಂದು ಅಹಮದಾಬಾದಿನ ನಮ್ಮ ಸಮಾಜದವರು ಆರೋಗ್ಯ ಶಿಬಿರ ಇಟ್ಟರು. ಫಲಿತಾಂಶ ಬಂದಾಗ ಇವರ ಬಾಯೇ ಮುಚ್ಚಿಹೋಯಿತು. ಪರೀಕ್ಷೆ ಮಾಡಿಸಿಕೊಂಡ ಗಂಡಸರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಕೊರತೆ. ನನ್ನ ಗಂಡ ಕಿರೀಟ್ ಒಬ್ಬನಿಗೆ ಮಾತ್ರ ಭರ್ತಿ. ಮುಳುಗುತ್ತಿದ್ದವರಿಗೆ ಅಷ್ಟೇ ಸಾಕಾಯಿತು. ಅವನನ್ನು ವೇದಿಕೆಗೆ ಹತ್ತಿಸಿದರು. ಡಾಕ್ಟರ್ ಝವೇರಿ ಅವನ ಅಂಕಿಯನ್ನು ಮೈಕಿನಲ್ಲಿ ಓದಿದರು.

"ಬೆಳಿಗ್ಗೆ ಸಜ್ಜೆ ರೋಟ್ಲೊ, ಮಧ್ಯಾಹ್ನ ದಾಳ್-ಭಾತ್, ರಾತ್ರಿ ಖಿಚಡಿ-ಕಢಿ. ಅಷ್ಟೇ ನನ್ನ ಗುಟ್ಟು" ಎಂದ ಕಿರೀಟ್. ಚಪ್ಪಾಳೆಯೋ ಚಪ್ಪಾಳೆ. ಹೆಂಗಸರ ರಕ್ತವನ್ನು ಯಾರೂ ಕೇಳಲಿಲ್ಲ. ನಾವು ಹಿಂದೆ ಶಿಬಿರದ ಊಟಕ್ಕೆ ರೋಟ್ಲಿ ಲಟ್ಟಿಸುತ್ತಿದ್ದೆವು, ಕೈತುಂಬ ಹಿಟ್ಟು.

ಎದುರಿಗೆ ಅವನಿಗೆ ಬಹುವಚನವೇ. ಇಲ್ಲಿ ಕೊಡುವುದಿಲ್ಲ, ಏನು ಬೇಕಾದರೂ ಅಂದುಕೊಳ್ಳಿ.

ರೈಲ್ವೆ ಗೇಟಿನ ಆಚೆಗಿನ ತಳ್ಳುಗಾಡಿಯಲ್ಲಿ ವಾರಕ್ಕೆ ಮೂರು ಸಂಜೆ ಮೊಟ್ಟೆ ಬುರ್ಜಿ ತಿನ್ನುವುದನ್ನು ಅವನು ಮೈಕಿನಲ್ಲಿ ಹೇಳಲಿಲ್ಲ. ಆಗೀಗ ಕೋಳಿಯನ್ನೂ ಹೇಳಲಿಲ್ಲ. ಮದುವೆಯಾದ ಹೊಸದರಲ್ಲಿ ಬಾಯಿತುಂಬ ಸೋಂಪು ಅಗಿಯುತ್ತ ತಾನೇ ನನಗೆ ಹೇಳಿದ್ದ: "ಹೊರಗೆ ತಿಂದದ್ದು ಲೆಕ್ಕಕ್ಕಿಲ್ಲ, ರಸೀಲಾ. ಮನೇಲಿ ತಿಂದ್ರೆ ತಾನೇ ಪಾಪ?" ಅದೇ ಮನುಷ್ಯ ನಾವಿರುವ ಹೌಸಿಂಗ್ ಸೊಸೈಟಿಯ ಕಾರ್ಯದರ್ಶಿ. ಎರಡನೇ ಮಹಡಿಯಲ್ಲಿ ಬಾಡಿಗೆಗಿದ್ದ ಬಂಗಾಳದ ಮೈತಿಯವರ ಕಸದ ಬುಟ್ಟಿಯಲ್ಲಿ ಮೊಟ್ಟೆಯ ಸಿಪ್ಪೆ ಸಿಕ್ಕಿದಾಗ ಮೆಟ್ಟಿಲ ಮೇಲೆ ನಿಂತು ಕೂಗಾಡಿದವನೂ ಇವನೇ.

ಶಿಬಿರ ಮುಗಿದ ಹೊಸದರಲ್ಲೇ ನನ್ನ ಪಾದಗಳಲ್ಲಿ ಜೋಮು ಶುರುವಾಯಿತು. ಮೊದಮೊದಲು ಇರುವೆ ಹರಿದಂತೆ. ಆಮೇಲೆ ಇರುವೆಯೂ ಇಲ್ಲ, ಪಾದವೂ ಇಲ್ಲ. ಚಪ್ಪಲಿ ಕಾಲಲ್ಲಿದೆಯೋ ಜಾರಿಹೋಯಿತೋ ಎಂದು ಬಗ್ಗಿ ನೋಡಬೇಕಿತ್ತು. ಕಿರೀಟ್ ಅದೇ ಝವೇರಿಯವರ ಹತ್ತಿರ ಕರೆದುಕೊಂಡು ಹೋದ.

"ಊಟದ್ದೇ ಕೊರತೆ ಇರಬಹುದು. ರಕ್ತ ನೋಡೋಣ್ವಾ ಭಾಭಿ?" ಎಂದರು ಡಾಕ್ಟರು.

ನಾನು ಬಾಯಿ ತೆರೆಯುವ ಮೊದಲೇ ಕಿರೀಟ್ ನಕ್ಕ. "ಕೊರತೆನಾ? ಏನ್ ಡಾಕ್ಟ್ರೇ ನೀವು! ಒಂದೇ ಒಲೆ, ಒಂದೇ ಪಾತ್ರೆ. ನಾನು ತಿನ್ನೋದೇ ಇವಳೂ ತಿನ್ನೋದು. ನಂದು ಹೇಗಿದೆ ಅಂತ ನೀವೇ ಮೈಕಲ್ಲಿ ಓದಿದ್ರಲ್ಲ!"

"ಅದೂ ಹೌದು. ಹಾಗಾದ್ರೆ ಊಟದ್ದಲ್ಲ, ಬೆನ್ನುಮೂಳೆದು" ಎಂದು ಸೊಂಟಕ್ಕೆ ಬೆಲ್ಟು ಬರೆದುಕೊಟ್ಟರು. ನಾನು ಗಂಡನ ಮುಖ ನೋಡುತ್ತಿದ್ದೆ. ಅವನು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ.

ವಾಪಸ್ ಬರುವಾಗ ಸ್ಕೂಟರಿನ ಹಿಂದೆ ಕೂತು ಕೇಳಿದೆ: "ಹೊರಗೆ ತಿಂತೀನಿ ಅಂತ ಡಾಕ್ಟರಿಗೆ ಒಂದು ಮಾತು ಹೇಳಿ. ಊರಿಗೆಲ್ಲ ಸಾರಿ ಅಂತಿಲ್ಲ."

"ಅವನ ಮಾವ ನಮ್ಮ ಸಮಾಜದ ಟ್ರಸ್ಟಿ ಕಣೇ. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತೆ."

"ನೀವು ಹೇಳ್ದಿದ್ರೆ ನಾನೇ ಹೇಳ್ತೀನಿ."

ಅವನು ಗಾಡಿ ನಿಲ್ಲಿಸಿದ. "ಹೇಳು. ಧಾರಾಳವಾಗಿ ಹೇಳು. ಬಾ ಕಿವಿಗೆ ಬಿತ್ತು ಅಂದ್ರೆ ಅವತ್ತಿಂದ ಈ ಮನೇಲಿ ನೀರೂ ಮುಟ್ಟಲ್ಲ. ಉಪವಾಸ ಕೂತು ಪ್ರಾಣ ಬಿಡ್ತಾಳೆ. ಆ ಪಾಪ ನಿನ್ನ ತಲೆಗೇ ಬರೋದು."

ಬಾ ಎಂದರೆ ಅವನ ತಾಯಿ, ನನ್ನ ಅತ್ತೆ. ಈರುಳ್ಳಿ ತಿಂದವರು ಮಾತಾಡಿಸಿದರೂ ಮುಖ ತಿರುಗಿಸುವ ಹೆಂಗಸು. ನಾನು ಹೆದರಿ ಬಾಯಿ ಮುಚ್ಚಿಕೊಂಡೆ. ತಾನೇ ಡಾಕ್ಟರಿಗೆ ಹೇಳುತ್ತೇನೆ, ಸೊಸೈಟಿಯ ಚುನಾವಣೆ ಆಗಲಿ ಎಂದ, ಆಯಿತು. ದೀಪಾವಳಿ ಕಳೆಯಲಿ ಎಂದ, ಕಳೆಯಿತು. ಸಂಕ್ರಾಂತಿ ಮುಗಿದ ಮಾರನೇ ದಿನ ಹೇಳೇ ಹೇಳುತ್ತೇನೆಂದು ಬಾ ಮೇಲೆ ಆಣೆ ಇಟ್ಟ. ನಾನು ಸೊಂಟಕ್ಕೆ ಬೆಲ್ಟು ಬಿಗಿದುಕೊಂಡು ಗೋಡೆ ಹಿಡಿದು ನಡೆಯುತ್ತಿದ್ದೆ. ಮೊಸರೆಲ್ಲ ಗಂಡನಿಗೆ ಬಡಿಸಿದ ಮೇಲೆ ನನ್ನ ಪಾಲಿಗೆ ಉಳಿಯುತ್ತಿದ್ದದ್ದು ನೀರು ಮಜ್ಜಿಗೆ.

ಸಂಕ್ರಾಂತಿಯ ದಿನ ಇಡೀ ಸೊಸೈಟಿ ತಾರಸಿಯ ಮೇಲಿತ್ತು. ಮಕ್ಕಳು, ಮುದುಕರು, ಎಲ್ಲರ ಕೈಯಲ್ಲೂ ಗಾಳಿಪಟದ ದಾರ. ಮೂಲೆಯಲ್ಲಿ ಮಡಕೆ ಬೋರಲು ಹಾಕಿ, ಸುತ್ತ ಕೆಂಡ ಪೇರಿಸಿ ತರಕಾರಿಯ ಊಂಧಿಯು ಬೇಯಿಸುತ್ತಿದ್ದೆವು. ನಾನು ಬರಿಗಾಲಲ್ಲಿ ಒಲೆಯ ಪಕ್ಕ ನಿಂತು ತಟ್ಟೆ ದಾಟಿಸುತ್ತಿದ್ದೆ.

ಇದ್ದಕ್ಕಿದ್ದಂತೆ ಬಾ ಸೆರಗನ್ನು ಮೂಗಿಗೆ ಒತ್ತಿಕೊಂಡರು. "ಹಾಯ್ ಹಾಯ್! ಯಾವನೋ ಮಾಂಸ ಸುಡ್ತಿದಾನೆ! ಹಬ್ಬದ ದಿನ!"

ಎಲ್ಲರಿಗೂ ವಾಸನೆ ಬಂತು. ನನಗೂ ಬಂತು. ಕಿರೀಟ್ ದಾರದ ಉರುಳೆ ಎಸೆದು ಸೀದಾ ಮೈತಿ ದಂಪತಿಯ ಮುಂದೆ ಹೋಗಿ ನಿಂತ.

"ಒಲೆ ಮೇಲೆ ಏನಿಟ್ಟು ಬಂದಿದೀರಿ? ಇವತ್ತೇ ಮನೆ ಖಾಲಿ ಮಾಡಿ!"

"ಬೆಳಿಗ್ಗೆಯಿಂದ ಇಲ್ಲೇ ಇದೀವಿ ಕಿರೀಟ್‌ಭಾಯ್" ಎಂದ ಮೈತಿ. "ಒಲೆ ಹಚ್ಚೇ ಇಲ್ಲ. ನಿನ್ನೆ ಮಾಡಿದ ಮೀನೋ ಕೋಳಿಯೋ ಅಂತೀರಾ, ಅದೂ ಇಲ್ಲ."

"ಮೀನಲ್ಲಪ್ಪ ಇದು" ಎಂದ ಕಿರೀಟ್, ಮೂಗೆಳೆದು. "ಕೋಳಿನೂ ಅಲ್ಲ. ಕೋಳಿ ವಾಸನೆ ಹೀಗಿರಲ್ಲ."

ತಾರಸಿಯವರೆಲ್ಲ ಕಿರೀಟ್ ಕಡೆ ತಿರುಗಿದರು.

"ಅದು ನಿಮಗೆ ಹೇಗೆ ಗೊತ್ತು?" ಎಂದ ಮೈತಿ, ಬಹಳ ಮರ್ಯಾದೆಯಿಂದ.

ಕಿರೀಟ್ ಹಿಂದೆ ಸರಿದು, ಎಸೆದ ಉರುಳೆಯನ್ನು ಎತ್ತಿಕೊಂಡ. ಬಾ ತಲೆಯೆತ್ತಿ ಗಾಳಿಪಟ ನೋಡತೊಡಗಿದರು. ಆಗ ಮೈತಿಯ ಹೆಂಡತಿ ಚೀರಿದಳು. ನನ್ನತ್ತ ಓಡಿಬಂದು ಎರಡೂ ಕೈಯಿಂದ ನನ್ನನ್ನು ಪಕ್ಕಕ್ಕೆ ಎಳೆದಳು. ನಾನು ನಿಂತಿದ್ದ ಜಾಗದಲ್ಲಿ ಒಲೆಯಿಂದ ಉರುಳಿದ ಕೆಂಡವಿತ್ತು. ಸುಟ್ಟದ್ದು ನನ್ನ ಅಂಗಾಲು. ನನಗೆ ಗೊತ್ತೇ ಆಗಿರಲಿಲ್ಲ.

ಆಸ್ಪತ್ರೆಯಲ್ಲಿ ಕೊನೆಗೂ ನನ್ನ ರಕ್ತ ತೆಗೆದರು. ಬಿ ಟ್ವೆಲ್ವ್ ಇದೆ ಎನ್ನಲು ನಾಚಿಕೆಯಾಗುವಷ್ಟು ಕಡಿಮೆ. ಕಾಲಿನ ಎರಡು ಬೆರಳು ತೆಗೆಯಬೇಕಾಯಿತು. ಝವೇರಿಯವರು ಚುಚ್ಚುಮದ್ದು ಬರೆಯುತ್ತ ಹೇಳಿದರು: "ಕಾಲಿನ ಸ್ಪರ್ಶ ವಾಪಸ್ ಬರುತ್ತೋ ಇಲ್ವೋ ಹೇಳಕ್ಕಾಗಲ್ಲ ಭಾಭಿ. ಒಂದು ವರ್ಷ ಮುಂಚೆ ಬಂದಿದ್ರೆ ಖಂಡಿತ ಸರಿಹೋಗ್ತಿತ್ತು."

"ಬಂದಿದ್ದೆ" ಎಂದೆ.

ಅವರು ಪೆನ್ನಿನ ಮುಚ್ಚಳ ಹುಡುಕತೊಡಗಿದರು. ಕಿರೀಟ್ ಈ ಸಲವೂ ಕ್ಯಾಲೆಂಡರ್ ನೋಡುತ್ತಿದ್ದ.

ಮನೆಗೆ ಬಂದ ದಿನ ಹಾಸಿಗೆಯಲ್ಲಿ ಮಲಗಿ ಕಿವಿಗೊಟ್ಟು ಕೇಳುತ್ತಿದ್ದೆ. ಅಡುಗೆಮನೆಯಲ್ಲಿ ತಟ್ಟೆಯ ಸದ್ದಾಯಿತು. ಬಾ ಖಿಚಡಿಗೆ ತುಪ್ಪ ಸುರಿದುಕೊಂಡು ಬಂದು ನನ್ನ ಪಕ್ಕದಲ್ಲೇ ಕೂತು ಉಣ್ಣತೊಡಗಿದರು.

"ಬಾ, ನೀವು ಉಪವಾಸ ಕೂರಲ್ವಾ?"

"ಏಕಾದಶಿ ಇವತ್ತಲ್ವಲ್ಲ."

"ಅವರು ಹೊರಗೆ ತಿಂತಾರೆ ಅಂತ ತಾರಸಿ ಮೇಲೆ ಗೊತ್ತಾಯ್ತಲ್ಲ."

"ಅಯ್ಯೋ ಹುಚ್ಚಿ! ಅದೇನ್ ಹೊಸದಾ?" ಬಾ ನಕ್ಕರು. "ಇವನಪ್ಪನೂ ತಿಂತಿದ್ದರು. ಆ ವಾಸನೆ ನಂಗೆ ಗೊತ್ತಾಗಲ್ವಾ? ಗಂಡಸರು ಹೊರಗೆ ತಿಂದದ್ದು ಲೆಕ್ಕಕ್ಕಿಲ್ಲಮ್ಮ."

ಈ ಮುದುಕಿ ಸಾಯುತ್ತಾಳೆಂದು ನಾನು ವರ್ಷವಿಡೀ ಸುಮ್ಮನಿದ್ದೆ. ಅದಕ್ಕೆ ನನ್ನ ಪಾದ ಕೊಟ್ಟೆ. ಅವರು ತುಪ್ಪದ ಬೆರಳು ನೆಕ್ಕುತ್ತಿದ್ದರು.

"ಹಾಗಾದ್ರೆ ನಾನೂ ಒಂದು ಮೊಟ್ಟೆ ತಿಂದ್ರೆ?"

"ಮನೇಲಾ? ಛೀ ಛೀ!"

"ಮನೇಲಲ್ಲ ಬಾ. ಹೊರಗೆ."

ಬಾ ತುತ್ತು ಕೆಳಗಿಟ್ಟರು. ದಿಂಬಿನ ಮೇಲೆ ಎತ್ತಿಟ್ಟ ನನ್ನ ಕಾಲಿನ ಬ್ಯಾಂಡೇಜನ್ನು ನೋಡಿದರು. ಅವರ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು.

"ನೀನು ಹೊರಗೆಲ್ಲಿ ಹೋಗ್ತೀಯಾ, ಮಗಳೇ?" ಎಂದರು.