ಸುದ್ದಿ ಒಯ್ಯುವವನು

ಗೌಡ ಸತ್ತ ಸುದ್ದಿ ಬೆಳಿಗ್ಗೆಯೇ ಬಳಿಚಕ್ರದಲ್ಲಿದ್ದ ಮಗಳು ಮೌನೇಶ್ವರಿಯ ಮೊಬೈಲಿಗೆ ಮುಟ್ಟಿತ್ತು. ಮುಟ್ಟಿದರೇನು? ತವರೂರಿನ ಕೇರಿಯ ಮನುಷ್ಯ ಬರಿಗಾಲಲ್ಲಿ ಅಂಗಳಕ್ಕೆ ಬಂದು ಕೂಗಿ ಹೇಳುವ ತನಕ ಅವಳ ಗಂಡನ ಮನೆಯಲ್ಲಿ ಅದು ಸುದ್ದಿಯೇ ಅಲ್ಲ. ಅಲ್ಲಿಯವರೆಗೆ ಸೊಸೆ ಹೊಸ್ತಿಲು ದಾಟುವಂತಿಲ್ಲ. ಧರ್ಮವಂತೆ!

ಗೋಗಿ ಹತ್ತಿರದ ಆ ತವರೂರಲ್ಲಿ ಸಾವಿನ ಸುದ್ದಿ ಒಯ್ಯುವ ಪಾಳಿ ಅಂಬ್ರಪ್ಪನ ಮನೆತನದ್ದು. ಶಹಾಪುರದ ಮಲಗಿದ ಬುದ್ಧನ ಗುಡ್ಡದ ಕೆಳಗೆ ಬೌದ್ಧ ದೀಕ್ಷೆ ತಗೊಂಡ ದಿನವೇ ಅವನು ಅದನ್ನು ಬಿಟ್ಟಿದ್ದ. ಗೌಡನ ತಮ್ಮ ಬಂದು ಗದರಿಸಿದಾಗಲೂ ಜಗ್ಗಲಿಲ್ಲ. ಜಗ್ಗಿಸಿದ್ದು ಮೌನೇಶ್ವರಿಯ ಫೋನು.

"ಅಂಬ್ರಣ್ಣಾ, ಸಂಜಿಗಿ ಮಣ್ಣು ಮಾಡ್ತಾರ. ನೀ ಬರ್ಲಿಲ್ಲಂದ್ರ ಇವರು ಕಳಸಂಗಿಲ್ಲ. ಅಪ್ಪನ ಮಾರಿ ನೋಡಬೇಕೋ."

ಮಾತು ಬಂದಾಗಿನಿಂದ 'ಅಂಬ್ರ್ಯಾ' ಅಂದವಳು. ಇವತ್ತು ಅಣ್ಣನಾದ.

"ಹೋದಿ ಅಂದ್ರ ಕುಣಿಕಿ ಮತ್ತ ಕೊಳ್ಳಿಗಿ ಬಂತಂತ ತಿಳಿ," ಅಂದಳು ಹೆಂಡತಿ ಮರಿಲಿಂಗಮ್ಮ.

"ಕರುಣಾನೇ ಧಮ್ಮ ಅಂತ ದೀಕ್ಷಾ ಕೊಟ್ಟ ಭಂತೇಜಿ ಹೇಳ್ಯಾರಲ್ಲ."

"ಆ ಗೌಡರ ಮಂದಿಗೂ ಹೇಳ್ಯಾರೇನು?"

ಅಂಬ್ರಪ್ಪ ಬಸ್ಸು ಹತ್ತಿದ. ಬಳಿಚಕ್ರದ ಅಂಗಳದಲ್ಲಿ ಚಪ್ಪಲಿ ಮೆಟ್ಟಿಕೊಂಡೇ ನಿಂತು, "ಗೌಡ್ರು ತೀರಿಕೊಂಡಾರ್ರಿ," ಅಂದ.

ಮೌನೇಶ್ವರಿಯ ಮಾವ ಕಟ್ಟೆಯ ಮೇಲಿಂದ ಅವನ ಕಾಲು ನೋಡಿದ. "ಚಪ್ಪಲಿ ಹೇಳಿದ್ದು ನಮಗ ಕೇಳಂಗಿಲ್ಲಪಾ. ಬಿಟ್ಟು ಹೇಳು."

"ನಾ ಈಗ ಬುದ್ಧನ ಮನಷ್ಯಾ ಇದ್ದೀನ್ರಿ."

"ಹಂಗೇನು? ಹಂಗಾದ್ರ ನೀನೂ ಗುಡ್ಡದಾಗ ಮಲಕ್ಕೋ ಹೋಗು!"

ಸತ್ತವನ ಬೀಗರು ಕಿಸಕ್ಕನೆ ನಕ್ಕರು. ಬಾಗಿಲ ಹಿಂದೆ ಮೌನೇಶ್ವರಿ ಚೀಲ ಹಿಡಿದು ನಿಂತಿದ್ದಳು. ಅವಳೂ ಅವನ ಕಾಲನ್ನೇ ನೋಡುತ್ತಿದ್ದಳು. ಹೊತ್ತು ವಾಲುತ್ತಿತ್ತು.

ಅಂಬ್ರಪ್ಪ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದ. ಹೊಸ್ತಿಲಾಚೆ ನಿಂತು, ತನ್ನಪ್ಪ ಕೂಗುತ್ತಿದ್ದ ಹಾಗೇ ಕೂಗಿದ.

ಮೌನೇಶ್ವರಿಯನ್ನು ಹತ್ತಿಸಿಕೊಂಡು ಮನೆಯ ಜೀಪು ಹೊರಟಿತು. ಹಿಂದಿನ ಸೀಟು ಖಾಲಿಯಿತ್ತು. ನೀನೂ ಹತ್ತು ಅಂತ ಅವನಿಗೆ ಯಾರೂ ಅನ್ನಲಿಲ್ಲ, ಅವಳೂ ಅನ್ನಲಿಲ್ಲ. ರಸ್ತೆ ಮುಟ್ಟಿದ ಮೇಲೇ ಅವನಿಗೆ ಚಪ್ಪಲಿ ಇನ್ನೂ ಕೈಯಲ್ಲೇ ಇರುವುದು ಗೊತ್ತಾದದ್ದು.

ಮರುದಿನ ಗೌಡನ ತಮ್ಮ ಕೇರಿಯ ಬಾಯಿಗೆ ಬಂದು ನಿಂತ. "ಶಹಬ್ಬಾಸ್ ಅಂಬ್ರ್ಯಾ! ಧರ್ಮ ಉಳಿಸ್ದಿ. ದಿನಕರ್ಮದ ಸುದ್ದಿ ಸುರಪುರದ ನೆಂಟರಿಗ ಒಯ್ಯಿ."

"ಒಯ್ಯಂಗಿಲ್ರಿ."

"ನಿನ್ನಿ ಒಯ್ದ್ಯಲ್ಲಲೇ?"

"ನಿನ್ನಿ ಒಬ್ಬಾಕಿ ಅಳಾಕತ್ತಿದ್ಲು. ಅದಕ್ಕ ಹೋಗಿದ್ದೆ."

"ಆಕೀನೇ ಅಂದಾಳಲೇ, ಅಂಬ್ರ್ಯಾಗ ಹೇಳ್ರಿ, ಹೋಗ್ತಾನ ಅಂತ."

ಅಂಬ್ರಪ್ಪ "ಒಯ್ಯಂಗಿಲ್ರಿ," ಅಂದ ಮತ್ತೆ.

ಮಧ್ಯಾಹ್ನ ಮರಿಲಿಂಗಮ್ಮ ಗಿರಣಿಯಿಂದ ಬೀಸದ ಜೋಳವನ್ನೇ ಹೊತ್ತು ತಂದಳು. ಕೇರಿಯವರದು ಯಾರದೂ ಬೀಸಬಾರದೆಂದು ಗೌಡನ ತಮ್ಮನ ಅಪ್ಪಣೆಯಾಗಿತ್ತು. ಮೂಲೆಯ ಬೀಸುವ ಕಲ್ಲನ್ನು ಗಂಡಹೆಂಡತಿ ಸೇರಿ ಎಳೆದರು.

"ಕರುಣಾ ಮುಗೀತೇನು?" ಅಂದಳು ಅವಳು.

ಅವನು ಗೂಟ ಹಿಡಿದು ಕೂತ. "ಜೋಳ ಹಾಕು."

ಬಾಗಿಲಲ್ಲಿ ಕೇರಿಯ ಹೆಂಗಸರು ಒಬ್ಬೊಬ್ಬರಾಗಿ ಬೀಸದ ಜೋಳದ ಬುಟ್ಟಿ ಹಿಡಿದು ಬಂದು ನಿಂತರು. ಯಾರೂ ಅವನನ್ನು ಬೈಯಲಿಲ್ಲ.